ಅಪ್ಪನ ಟ್ರಾನ್ಸ್‌ಪರೆಂಟು, ಅಮ್ಮನ ಬಕೀಟು

ಈಗ ಎಲ್ಲಿ ಕಿವಿಗೊಟ್ಟರೂ ಪಾರದರ್ಶಕತೆ. ನಮ್ಮ ಬೀದಿಯ ನಿವಾಸಿಗಳ ಸಂಘದ ಅಧ್ಯಕ್ಷರು ಮೈಕು ಹಿಡಿದರೆ ಆ ಪದವನ್ನು ಮೂರು ಸಲ ಹೇಳದೆ ಕೆಳಗಿಡುವುದಿಲ್ಲ. ಹೇಳುವಾಗ ಅವರ ಕಣ್ಣು ಮಾತ್ರ ನಮ್ಮ ಕಡೆ ಇರುವುದಿಲ್ಲ, ಚಾವಣಿಯ ಕಡೆ ಇರುತ್ತದೆ. ನನಗೆ ನಗು ಬರುತ್ತದೆ. ಈ ಮುದುಕಿ ಯಾಕೆ ಸುಮ್ಮಸುಮ್ಮನೆ ನಗುತ್ತಾಳೆ ಎಂದು ಪಕ್ಕದ ಕುರ್ಚಿಯವರು ತಿರುಗಿ ನೋಡುತ್ತಾರೆ. ನೋಡಲಿ ಬಿಡಿ. ಈ ಪದ ಮೊನ್ನೆ ಮೊನ್ನೆ ಹುಟ್ಟಿತು ಎಂದುಕೊಂಡವರಿಗೆ ಏನು ಹೇಳುವುದು? ನಮ್ಮ ಮನೆಯಲ್ಲಿ ಅದು ನಾನು ಹುಟ್ಟುವ ಮೊದಲೇ ಇತ್ತು, ಇಂಗ್ಲಿಷಿನಲ್ಲಿ.

ನಮ್ಮಪ್ಪ ಕೋಲಾರದ ಚಿನ್ನದ ಗಣಿಯ ನಕ್ಷೆ ಕಚೇರಿಯಲ್ಲಿ ಟ್ರೇಸರ್ ಆಗಿದ್ದ. ಗಣಿಯ ಕೆಲಸ ಎಂದರೆ ಎಲ್ಲರೂ ಪಾತಾಳಕ್ಕಿಳಿದು ಬಂಡೆ ಒಡೆಯುವವರೇ ಎಂದು ಜನ ತಿಳಿದಿದ್ದಾರೆ. ಅಪ್ಪ ಅಷ್ಟು ವರ್ಷ ಚಾಂಪಿಯನ್ ರೀಫ್ಸ್ ಗಣಿಯಲ್ಲಿದ್ದರೂ ಒಂದು ದಿನ ಕೆಳಗಿಳಿದವನಲ್ಲ. ಎತ್ತರದ ಸ್ಟೂಲಿನ ಮೇಲೆ ಕೂತು, ಬೇರೆಯವರು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ಟ್ರೇಸಿಂಗ್ ಬಟ್ಟೆ ಹಾಸಿ, ಕೆಳಗೆ ಕಾಣುವ ಗೆರೆಗಳನ್ನೆಲ್ಲ ಕಪ್ಪು ಇಂಕಿನಲ್ಲಿ ತಿದ್ದುವುದು ಅವನ ಕೆಲಸ. ಆ ಬಟ್ಟೆಯನ್ನು ಕಂಡವರು ಈಗ ಕಡಿಮೆ. ಬಲು ನವಿರಾದ ಬಟ್ಟೆಗೆ ಗಂಜಿ ಕುಡಿಸಿ, ಉಜ್ಜಿ ಉಜ್ಜಿ ಗಾಜಿನ ಹಾಗೆ ಮಾಡಿರುತ್ತಿದ್ದರು. ತೆಳು ನೀಲಿ ಬಣ್ಣ, ಕೈ ಜಾರುವಷ್ಟು ನಯ. ಅದಕ್ಕೆ ಶತ್ರು ಒಂದೇ, ನೀರು. ಒಂದು ಹನಿ ಬಿದ್ದರೂ ಗಂಜಿ ಎದ್ದು ಅಲ್ಲೊಂದು ಬಿಳಿ ಕಲೆ ಕೂರುತ್ತಿತ್ತು. ಆಮೇಲೆ ಅದರ ಮೂಲಕ ಏನೂ ಕಾಣುತ್ತಿರಲಿಲ್ಲ.

ಅಪ್ಪನಿಗೆ ಆ ಬಟ್ಟೆಯ ಮೇಲೆ ಎಂಥ ಅಭಿಮಾನವೆಂದರೆ, ಜಗತ್ತನ್ನೆಲ್ಲ ಅದರಿಂದಲೇ ಅಳೆಯುತ್ತಿದ್ದ. ತಿಳಿಸಾರು ಚೆನ್ನಾಗಿದ್ದರೆ ಟ್ರಾನ್ಸ್‌ಪರೆಂಟು. ಮಳೆ ಬಿದ್ದ ಮಾರನೆಯ ಬೆಳಗು ಟ್ರಾನ್ಸ್‌ಪರೆಂಟು. ಕೈಮಗ್ಗದ ಪಂಚೆ ಕೊಡಲು ಬರುತ್ತಿದ್ದ ತೆಲುಗಿನ ಮುದುಕ, ಇದು ಎರಡು ಒಗೆತಕ್ಕೆ ಬಣ್ಣ ಬಿಡುತ್ತದೆ ಎಂದು ತಾನೇ ಹೇಳಿ ಮಾರುತ್ತಿದ್ದನಲ್ಲ, ಅವನು ಟ್ರಾನ್ಸ್‌ಪರೆಂಟ್ ಮನುಷ್ಯ. ನಾನು ಸುಳ್ಳು ಹೇಳಿ ಸಿಕ್ಕಿಬಿದ್ದ ದಿನ ಎದುರಿಗೆ ನಿಲ್ಲಿಸಿಕೊಳ್ಳುತ್ತಿದ್ದ.

"ನೋಡಮ್ಮ, ಮನ್ಸ ಅಂದ್ರೆ ಟ್ರೇಸಿಂಗ್ ಬಟ್ಟೆ ತರ ಇರ್ಬೇಕು. ಒಳ್ಗಿರೋದು ಮೇಲೆ ಕಾಣ್ಬೇಕು. ಈ ಮನೇಲಿ ಯಾರೂ ಯಾರ್ ತಾವೂ ಏನೂ ಮುಚ್ಚಿಡೋ ಅಂಗಿಲ್ಲ."

ಅಮ್ಮನಿಗೆ ಈ ವೇದಾಂತ ಒಗ್ಗುತ್ತಿರಲಿಲ್ಲ. ಅವಳು ಬಂಗಾರಪೇಟೆ ಪಕ್ಕದ ಹಳ್ಳಿಯ ಒಕ್ಕಲು ಮನೆಯವಳು, ಎಮ್ಮೆಗಳ ನಡುವೆ ಬೆಳೆದವಳು. ಅವಳ ಬಾಯಲ್ಲಿ ಹಕಾರ ನಿಲ್ಲುತ್ತಿರಲಿಲ್ಲ. ಹಾಲು ಆಲಾಗುತ್ತಿತ್ತು, ಹಳೇದು ಅಳೇದಾಗುತ್ತಿತ್ತು, ಹೇಳು ಎಂಬುದು ಏಳಾಗುತ್ತಿತ್ತು. ಅವಳ ಮೆಚ್ಚುಗೆಯ ಮಾತು ಒಂದೇ, ಗಟ್ಟಿ. ಗಟ್ಟಿ ಹಾಲು, ಗಟ್ಟಿ ಸೀರೆ, ಗಟ್ಟಿ ಮನುಷ್ಯ. ನಮ್ಮ ಲೈನಿಗೆ, ಎಂದರೆ ಗಣಿಯ ಕ್ವಾರ್ಟರ್ಸಿನ ನಮ್ಮ ಸಾಲಿಗೆ, ಹಾಲಿನವನು ಬಂದು ಹೋದ ಮೇಲೆ ಪಾತ್ರೆಯನ್ನು ಅಪ್ಪನ ಮೂಗಿನ ಕೆಳಗೆ ಹಿಡಿಯುತ್ತಿದ್ದಳು.

"ಬನ್ನಿ, ನೋಡ್ಕಳಿ. ನಿಮ್ ಟ್ರಾನ್ಸ್‌ಪರೆಂಟು ಆಲು ಬಂದೈತೆ. ಪಾತ್ರೆ ತಳ ಎಂಗ್ ಒಳೀತೈತೆ ನೋಡಿ!"

ಶಾಲೆಯಲ್ಲಿ ನನಗೆ ಕನ್ನಡದ ಪದ ಸಿಕ್ಕಿದ್ದು ವಿಜ್ಞಾನದ ಪಾಠದಲ್ಲಿ. ಗಾಜು ಪಾರದರ್ಶಕ, ಎಣ್ಣೆ ಹಚ್ಚಿದ ಕಾಗದ ಅರೆಪಾರದರ್ಶಕ, ಇಟ್ಟಿಗೆ ಅಪಾರದರ್ಶಕ. ನಾನು ಮನೆಗೆ ಬಂದವಳೇ ಅಪ್ಪ ಗಾಜು, ಅಮ್ಮ ಇಟ್ಟಿಗೆ ಎಂದು ತೀರ್ಪು ಕೊಟ್ಟೆ. ಅಪ್ಪ ಖುಷಿಯಿಂದ ಮೀಸೆ ಸವರಿಕೊಂಡ. ಅಮ್ಮ ರಾಗಿ ಬೀಸುವುದನ್ನು ನಿಲ್ಲಿಸಲೂ ಇಲ್ಲ.

"ಇಟ್ಟಿಗೆ ಇಲ್ದೇ ಮನೆ ಕಟ್ತೀಯೇನೇ? ಓಗು, ಗಾಜಿನ್ ಮನೇಲಿ ಬಟ್ಟೆ ಬದಲಾಯ್ಸು ಓಗು," ಎಂದಳು.

ಆದರೆ ಟ್ರೇಸಿಂಗ್ ಬಟ್ಟೆಯನ್ನು ಅಮ್ಮ ದ್ವೇಷಿಸುತ್ತಿರಲಿಲ್ಲ. ಅದನ್ನು ಒಗೆದಾದ ಮೇಲೆ ಅವಳಿಗೆ ಅದರ ಮೇಲೆ ಎಲ್ಲಿಲ್ಲದ ಪ್ರೀತಿ. ಕಚೇರಿಯಲ್ಲಿ ರದ್ದಾದ ನಕ್ಷೆಗಳ ಮೇಲೆ ಕೆಂಪು ಪೆನ್ಸಿಲಿನಲ್ಲಿ ಮೂಲೆಯಿಂದ ಮೂಲೆಗೆ ಗೀಟು ಎಳೆದು, ಆಯುಧಪೂಜೆಯ ದಿನ ಸ್ಕೇಲು, ಇಂಕಿನ ಬಾಟಲಿಗಳಿಗೆಲ್ಲ ಕುಂಕುಮ ಇಟ್ಟಾದ ಮೇಲೆ, ಟ್ರೇಸರುಗಳಿಗೆ ಇಷ್ಟಿಷ್ಟು ಎಂದು ಹಂಚುತ್ತಿದ್ದರು. ಮನೆಗೆ ತಂದು ಸುಡುಸುಡು ನೀರಿನಲ್ಲಿ ನೆನೆಹಾಕಿ ಉಜ್ಜಿದರೆ ಗಂಜಿ, ಇಂಕು, ನೀಲಿ ಎಲ್ಲ ಬಿಟ್ಟುಹೋಗಿ ಬೆಣ್ಣೆಯಂಥ ಬಿಳಿ ಬಟ್ಟೆ ಉಳಿಯುತ್ತಿತ್ತು. ಅಂಗಡಿಯಲ್ಲಿ ಅಂಥದ್ದನ್ನು ಕೊಳ್ಳುವ ಯೋಗ್ಯತೆ ನಮ್ಮ ಲೈನಿನಲ್ಲಿ ಯಾರಿಗಿತ್ತು? ಬಾಣಂತಿಯರು ಮುಂಚೆಯೇ ಅಮ್ಮನಿಗೆ ಹೇಳಿಟ್ಟು ಕಾಯುತ್ತಿದ್ದರು. ಸುತ್ತಲಿನ ಹಸುಗೂಸುಗಳೆಲ್ಲ ಗಣಿಯ ನಕ್ಷೆಯ ಅಂಗಿ ತೊಟ್ಟೇ ಬೆಳೆದವು. ಇಂಕಿನ ನೆರಳು ಒಂದೊಂದು ಸಲ ಪೂರ್ತಿ ಹೋಗುತ್ತಿರಲಿಲ್ಲ. ನನ್ನ ತಮ್ಮನ ಬೆನ್ನ ಮೇಲೆ ಒಂದು ವರ್ಷ ಪೂರ್ತಿ ಒಂದು ಚರಂಡಿ ಹರಿಯಿತು.

ನಾನು ಹೈಸ್ಕೂಲು ಸೇರಿದ ವರ್ಷ ಅಪ್ಪ ತಗಡಿನ ಕೊಳವೆಯಲ್ಲಿ ಕೆಲಸವನ್ನು ಮನೆಗೆ ತರತೊಡಗಿದ. ಭೂಮಿಯ ಒಳಗಿನ ನಕ್ಷೆಗಳು ಕಚೇರಿಯ ಹೊಸ್ತಿಲು ದಾಟುವಂತಿರಲಿಲ್ಲ. ಮೇಲಿನ ಕ್ವಾರ್ಟರ್ಸು, ನೀರಿನ ಪೈಪು, ಚರಂಡಿ ಇಂಥವನ್ನು ಹೆಡ್ಡಿನ ಚೀಟಿ ಪಡೆದು ತರಬಹುದಿತ್ತು. ಹೆಡ್ಡು ಎಂದರೆ ನಕ್ಷೆ ಕಚೇರಿಯ ಯಜಮಾನರು, ಕನ್ನಡ ಶುರುಮಾಡಿ ತಮಿಳಿನಲ್ಲಿ ಮುಗಿಸುವ ಹಿರಿಯರು.

"ಆಫೀಸ್ನಲ್ಲಿ ಬೆಳಕು ಸರಿಯಿಲ್ಲ," ಎಂದ ಅಪ್ಪ. ಇಷ್ಟು ವರ್ಷ ಸರಿಯಿದ್ದ ಬೆಳಕಿಗೆ ಈಗೇನಾಯಿತೆಂದು ನಾವು ಯಾರೂ ಕೇಳಲಿಲ್ಲ.

ಮೊದಲು ನನಗೆ ನಕ್ಷೆಯ ಮೇಲಿನ ಅಕ್ಷರ ಬರೆಯಲು ಹೇಳಿದ. ನಿನ್ನ ಕೈ ನೋಡೋಣ ಎಂದ. ಆಮೇಲೆ ಸಣ್ಣ ಗೆರೆ. ಆಮೇಲೆ ದೊಡ್ಡ ಗೆರೆ. ಕಡೆಕಡೆಗೆ ಇಡೀ ನಕ್ಷೆ. ಬಟ್ಟೆಗೆ ಸೀಮೆಸುಣ್ಣದ ಪುಡಿ ಸವರುವುದು, ಗೆರೆ ಎಳೆಯುವ ಪೆನ್ನಿನ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುವುದು, ಗೆರೆ ಮುಗಿಯುವ ತನಕ ಉಸಿರು ಹಿಡಿಯುವುದು, ಎಲ್ಲ ಕಲಿಸಿದ. ಜಡೆಯನ್ನು ಹಿಂದಕ್ಕೆ ಕಟ್ಟಿಕೊಳ್ಳಬೇಕು, ಮೂರು ಮಾರು ದೂರದೊಳಗೆ ನೀರಿನ ಲೋಟ ಇರಬಾರದು. ನನಗೆ ಕೊಂಬು ಬಂದಂತಾಗಿತ್ತು. ಗೆಳತಿಯರು ಹೊರಗೆ ಕುಂಟೆಬಿಲ್ಲೆ ಆಡುತ್ತಿದ್ದರೆ ನಾನು ಕಿಟಕಿಯ ಪಕ್ಕ ಕೂತು ಗಣಿಯ ಚರಂಡಿಗಳನ್ನೆಲ್ಲ ನೆಟ್ಟಗೆ ಮಾಡುತ್ತಿದ್ದೆ.

ಮುಗಿದ ಮೇಲೆ ಅಪ್ಪ ಅದನ್ನು ಬೆಳಕಿಗೆ ಹಿಡಿದು, ತಲೆ ಅತ್ತಿತ್ತ ಓರೆಮಾಡಿ, "ಭೇಷ್! ಟ್ರಾನ್ಸ್‌ಪರೆಂಟಾಗೈತೆ," ಎನ್ನುತ್ತಿದ್ದ. ಒಂದು ದಿನ ನನಗೆ ತುಂಟತನ ಹತ್ತಿತು. ಒಂದು ನೀರಿನ ಟ್ಯಾಂಕಿನ ನಕ್ಷೆಯಲ್ಲಿ, ಟ್ಯಾಂಕಿನ ಮೇಲೆ ಒಂದು ಕಾಗೆ ಕೂರಿಸಿದೆ. ಕೊಕ್ಕು, ಕಾಲು, ಬಾಲ ಎಲ್ಲ ಇರುವ ಕಾಗೆ, ಹೆಬ್ಬೆರಳಿನ ಉಗುರಿನಷ್ಟು ದೊಡ್ಡದು. ಬಯ್ಯಲಿ, ಬೈದು ನಗಲಿ ಎಂದು ಕಾಯುತ್ತಾ ಕೂತೆ. ಅಪ್ಪ ಬೆಳಕಿಗೆ ಹಿಡಿದ. ತಲೆ ಓರೆಮಾಡಿದ.

"ಭೇಷ್," ಎಂದ.

ನಾನು ನಗಲು ಹೋದೆ. ಹೋದವಳು ಅವನ ಮುಖ ನೋಡಿದೆ. ಅಷ್ಟು ದೊಡ್ಡ ಕಾಗೆ ಅವನಿಗೆ ಕಾಣಲಿಲ್ಲ.

"ಅಪ್ಪಾ, ನಿಂಗೆ ಕಣ್ ಕಾಣ್ಸಲ್ವಾ?" ಎಂದು ಮೆಲ್ಲಗೆ ಕೇಳಿದೆ.

ಅಪ್ಪ ಬಟ್ಟೆಯನ್ನು ಸುತ್ತಿಟ್ಟ. "ಕಾಣ್ತದೆ. ಒಂದೊಂದ್ ಸಲ ಒಂದು ಎರಡಾಗಿ ಕಾಣ್ತದೆ. ಒಂದೊಂದ್ ಸಲ ಎರಡೂ ಕಾಣಲ್ಲ," ಎಂದ. ಆಮೇಲೆ ಬಾಗಿಲ ಕಡೆ ನೋಡಿ, "ನಿಮ್ಮಮ್ಮನಿಗೆ ಏಳ್ಬೇಡ," ಎಂದ.

ಏನು ಚಂದ ನೋಡಿ. ಯಾರೂ ಏನೂ ಮುಚ್ಚಿಡಬಾರದ ಮನೆಯಲ್ಲಿ ಗುಟ್ಟು ಶುರುಮಾಡಿದವನು ಕಾನೂನು ಮಾಡಿದವನೇ. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ, ಹೆದರಿಕೆಯಾಯಿತು. ಕಣ್ಣು ಮಂಜಾದ ಟ್ರೇಸರನ್ನು ಕಚೇರಿಯಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ಕೆಲಸ ಹೋದರೆ ಕ್ವಾರ್ಟರ್ಸೂ ಬಿಡಬೇಕು, ನನ್ನ ಶಾಲೆಯೂ ಅಲ್ಲಿಗೆ ಮುಗಿಯಿತು, ನಾವು ನಾಲ್ವರೂ ಸೋದರಮಾವನ ಮನೆಯ ಕೊಟ್ಟಿಗೆ ಪಕ್ಕದ ಕೋಣೆ ಸೇರಬೇಕು. ಪೊರೆ ತೆಗೆಸಿಕೊಳ್ಳೋಣವೆಂದರೆ ಅಪ್ಪನಿಗೆ ಆ ಮಾತೆತ್ತಿದರೆ ಮೈ ಬೆವರುತ್ತಿತ್ತು. ಅವನ ಅಪ್ಪನ ಕಣ್ಣಿನ ಪೊರೆಯನ್ನು ಊರೂರು ಅಲೆಯುವ ಯಾವನೋ ವೈದ್ಯ ಸೂಜಿಯಿಂದ ತಳ್ಳಲು ಹೋಗಿ, ತಾತ ಆಮೇಲೆ ಬದುಕಿರುವ ತನಕ ಗೋಡೆ ಹಿಡಿದು ನಡೆದಿದ್ದ. ಆಗ ತಾತನ ಕೈ ಹಿಡಿದುಕೊಂಡಿದ್ದ ಹುಡುಗ ಅಪ್ಪನೇ.

ನಾನು ಕಾಗೆಯನ್ನು ಬ್ಲೇಡಿನಿಂದ ಹೆರೆದು ತೆಗೆದೆ. ಯಾರಿಗೂ ಹೇಳಲಿಲ್ಲ.

ಹೇಳಬೇಕಾದ ಅಗತ್ಯವೇ ಇರಲಿಲ್ಲ ಅನ್ನಿ. ನಮ್ಮ ಲೈನಿನ ನಾಯಿಗೂ ಗೊತ್ತಿತ್ತು, ಅಪ್ಪ ಬರುವಾಗ ದಾರಿಯಿಂದ ಎದ್ದು ಪಕ್ಕಕ್ಕೆ ಹೋಗುತ್ತಿತ್ತು. ಅಮ್ಮ ನೀರಿನ ಲೋಟವನ್ನು ದಿನಾ ಒಂದೇ ಜಾಗದಲ್ಲಿ, ಅವನ ಬಲಮಂಡಿಯಿಂದ ಗೇಣು ದೂರದಲ್ಲಿ ಇಡತೊಡಗಿದ್ದಳು. ಅಕ್ಕಿಯ ಕಲ್ಲನ್ನು ತಾನೇ ಎರಡು ಸಲ ಆರಿಸುತ್ತಿದ್ದಳು. ಹೊಸ್ತಿಲ ಹತ್ತಿರ ಇದ್ದ ಒನಕೆ ಒಂದು ದಿನ ತಾನಾಗಿ ಮೂಲೆ ಸೇರಿತ್ತು. ಅವಳು ಒಂದು ಮಾತು ಕೇಳಲಿಲ್ಲ, ಅಪ್ಪ ಒಂದು ಮಾತು ಹೇಳಲಿಲ್ಲ. ಅವಳಿಗೆ ಗೊತ್ತಿಲ್ಲ ಎಂದು ಅವನು ಸಮಾಧಾನವಾಗಿದ್ದ. ಇಬ್ಬರ ನಡುವೆ ನಾನು ಕಳ್ಳಬೆಕ್ಕಿನ ಹಾಗೆ ಓಡಾಡುತ್ತಿದ್ದೆ.

ಒಂದೇ ಒಂದು ಸಲ ಅಮ್ಮ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. "ನಿನ್ ಕಣ್ ಯಾಕೇ ಇಷ್ಟು ಕೆಂಪಗೈತೆ?"

"ಓದಿದ್ದು ಜಾಸ್ತಿಯಾಯ್ತು," ಎಂದೆ.

"ಓದು, ಓದು," ಎಂದು ರೆಪ್ಪೆಗೆ ಹರಳೆಣ್ಣೆ ಹಚ್ಚಿದಳು. ಹಚ್ಚಿದ ರಭಸಕ್ಕೆ ನನ್ನ ಕಣ್ಣಲ್ಲಿ ನೀರು ಬಂತು.

ಅದೇ ದಿನಗಳಲ್ಲಿ ಸೋದರಮಾವ ಬಂಗಾರಪೇಟೆಯಿಂದ ಬೆಳಗಿನ ರೈಲಿಗೆ ಬಂದಿಳಿದ, ಕೈಯಲ್ಲಿ ಒಂದು ಕರಪತ್ರ ಹಿಡಿದುಕೊಂಡು. ಬಂಗಾರಪೇಟೆಯಲ್ಲಿ, ಸ್ಟೇಷನ್ನಿನ ಹಿಂದಿನ ಶಾಲೆಯಲ್ಲಿ, ಕಣ್ಣಿನ ಕ್ಯಾಂಪು. ಬೆಂಗಳೂರಿನಿಂದ ಡಾಕ್ಟರು ಬಂದಿದ್ದಾರೆ, ಪೊರೆ ತೆಗೆಯುವುದು ಮುಂದಿನ ಬುಧವಾರದ ತನಕ ಮಾತ್ರ. ಮಾವ ಅದನ್ನು ಅಪ್ಪನ ಕೈಗೆ ಕೊಟ್ಟ. ಅಪ್ಪ ಗಂಭೀರವಾಗಿ ಮೇಲಿನಿಂದ ಕೆಳಗಿನ ತನಕ ಓದಿದ.

"ಒಳ್ಳೇ ಕೆಲ್ಸ. ಪಾಪ, ಕಣ್ಣಿಲ್ಲದೋರಿಗೆ ಅನ್ಕೂಲ ಆಗ್ತದೆ. ನಮ್ ಮನೇಲಿ ಯಾರಿಗೈತೆ ಕಣ್ಣಿನ್ ರೋಗ?" ಎಂದು ವಾಪಸು ಕೊಟ್ಟ.

ಕರಪತ್ರದ ತಲೆಯಲ್ಲಿ ಒಂದು ದೊಡ್ಡ ಕಣ್ಣಿನ ಚಿತ್ರವಿತ್ತು. ಅಪ್ಪ ಓದುವಷ್ಟು ಹೊತ್ತೂ ಆ ಕಣ್ಣಿನ ಹುಬ್ಬು ಕೆಳಗಿತ್ತು. ಮಾವ ಬಾಯಿ ತೆರೆದ. ಅಮ್ಮ ಅವನ ಕಡೆ ನೋಡಿದ ನೋಟಕ್ಕೆ ಬಾಯಿ ಮುಚ್ಚಿ, ಕಾಫಿ ಕುಡಿದು, ಸಿಕ್ಕಿದ ರೈಲಿಗೆ ವಾಪಸು ಹೋದ.

ಆ ವಾರ ಅಪ್ಪ ತಂದಿದ್ದು ಅದುವರೆಗಿನ ಎಲ್ಲಕ್ಕಿಂತ ದೊಡ್ಡ ನಕ್ಷೆ. ಹೊಸದಾಗಿ ಕಟ್ಟುವ ಮೂರು ಲೈನಿನ ಕ್ವಾರ್ಟರ್ಸು, ಅದರ ನಲ್ಲಿ, ಚರಂಡಿ, ಕಕ್ಕಸು ಎಲ್ಲ ಸೇರಿ ನಮ್ಮ ಚಾಪೆಗಿಂತ ಉದ್ದವಿತ್ತು. ಸೋಮವಾರ ಹೆಡ್ಡಿನ ಮೇಜಿನ ಮೇಲಿರಬೇಕು. ಎಂಟು ದಿನ ಶಾಲೆಯಿಂದ ಬಂದವಳೇ ಅದರ ಮೇಲೆ ಬಗ್ಗಿದೆ. ಭಾನುವಾರ ಬೆಳಿಗ್ಗೆ ಕಡೆಯ ಅಕ್ಷರ ಬರೆದು ಮುಗಿಸಿದಾಗ ನನ್ನ ಬೆನ್ನು ನೆಟ್ಟಗಾಗಲು ಒಪ್ಪಲಿಲ್ಲ. ಆದರೂ ಹೇಳುತ್ತೇನೆ, ಅಂಥ ಕೆಲಸ ನಾನು ಮತ್ತೆ ಮಾಡಲಿಲ್ಲ. ಅಪ್ಪ ಬೆರಳಿನಿಂದ ಅಂಚು ಸವರಿ, ಸುತ್ತಿ, ಶೆಲ್ಫಿನ ಮೇಲಿಟ್ಟು, ಸಮಾಧಾನದಿಂದ ಸಂತೆಗೆ ಹೋದ. ನಾನು ಬಿಂದಿಗೆ ತೆಗೆದುಕೊಂಡು ನಲ್ಲಿಗೆ ಹೋದೆ. ಅಲ್ಲಿ ಸಾಲು ಉದ್ದವಿತ್ತು.

ವಾಪಸು ಬಂದಾಗ ಹಿತ್ತಲಲ್ಲಿ ಅಮ್ಮ ಬಕೀಟಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಬಕೀಟಿನಿಂದ ಹಬೆಯೇಳುತ್ತಿತ್ತು. ನೀರು ಕಪ್ಪು ಕಪ್ಪಾಗಿತ್ತು. ಅವಳ ಕೈಯಲ್ಲಿ ಜೋಲುತ್ತಿದ್ದ ಬಟ್ಟೆಯ ತುದಿಯಲ್ಲಿ, ನಾನು ಆ ಬೆಳಿಗ್ಗೆ ತಾನೇ ಬರೆದಿದ್ದ ಅಕ್ಷರಗಳು ಕರಗಿ ಇಳಿಯುತ್ತಿದ್ದವು.

"ಅಮ್ಮಾ! ಏನ್ ಮಾಡ್ಬಿಟ್ಟೆ!" ಬಿಂದಿಗೆ ನನ್ನ ಸೊಂಟದಿಂದ ಜಾರಿ ಬಿತ್ತು.

"ಯಾಕೇ ಕಿರುಚ್ತೀಯ? ಅಳೇದು ಅಂದ್ಕಂಡೆ," ಎಂದಳು ಅಮ್ಮ, ತಲೆಯೆತ್ತದೆ.

ಅಳೇದಂತೆ! ನಾನು ಕೂಗಾಡಿದೆ, ಕಾಲು ಅಪ್ಪಳಿಸಿದೆ. ಎಂಟು ದಿನ, ನನ್ನ ಕಣ್ಣು, ನನ್ನ ಬೆನ್ನು, ಅಪ್ಪನ ಕೆಲಸ, ನಿನಗೆ ಬುದ್ಧಿಯಿಲ್ಲವಾ, ಕಣ್ಣಿಲ್ಲವಾ ಎಂದೆಲ್ಲ ಅಂದೆ. ಹೆತ್ತ ತಾಯಿಗೆ ಅನ್ನಬಾರದ್ದನ್ನೆಲ್ಲ ಅಂದೆ. ಅವಳು ಬಟ್ಟೆ ಹಿಂಡುತ್ತಾ ಕೂತಿದ್ದಳು. ಅಕ್ಕಪಕ್ಕದವರು ಬಾಗಿಲಿಗೆ ಬಂದು, ಒಬ್ಬರು ತಮಿಳಿನಲ್ಲಿ ಒಬ್ಬರು ತೆಲುಗಿನಲ್ಲಿ, ಹೋಗಲಿ ಬಿಡು ಎಂದು ಸಮಾಧಾನ ಹೇಳಿದರು.

ಅಪ್ಪ ಸಂತೆಯ ಚೀಲ ಹಿಡಿದು ಬಂದ. ನಾನು ಬಿಕ್ಕುತ್ತಾ ಹೇಳಿದೆ. ಅವನು ಚೀಲ ಕೆಳಗಿಟ್ಟು, ಬಗ್ಗಿ, ಬಕೀಟಿಗೆ ಕೈ ಹಾಕಿ ಬಟ್ಟೆಯನ್ನು ಮುಟ್ಟಿ ನೋಡಿದ. ಬಯ್ಯಲಿಲ್ಲ. ಹೊಸ್ತಿಲ ಮೇಲೆ ಹೋಗಿ ಕೂತ. ಸೊಪ್ಪು ಬಾಡುವ ತನಕ ಚೀಲ ಅಲ್ಲೇ ಇತ್ತು.

ಸೋಮವಾರ ಬೆಳಿಗ್ಗೆ ಕೋಟು ಹಾಕಿಕೊಂಡು, "ನೀನೂ ಬಾ," ಎಂದ ನನಗೆ. ಅಮ್ಮ ಒಲೆಯ ಮುಂದಿನಿಂದ ಏಳಲಿಲ್ಲ.

ನಕ್ಷೆ ಕಚೇರಿಯೊಳಗೆ ನಾನು ಕಾಲಿಟ್ಟಿದ್ದು ಅದೇ ಮೊದಲು. ಹೆಡ್ಡು ಕನ್ನಡಕವನ್ನು ಹಣೆಗೇರಿಸಿ ನಮ್ಮಿಬ್ಬರನ್ನೂ ನೋಡಿದರು. ಅಪ್ಪ ನಿಂತುಕೊಂಡೇ ಎಲ್ಲ ಹೇಳಿದ. ಕಣ್ಣು ಮಂಜಾಗಿ ವರ್ಷವಾಗುತ್ತಾ ಬಂತು, ಇಷ್ಟು ದಿನ ಕೊಟ್ಟ ಕೆಲಸವೆಲ್ಲ ಈ ಹುಡುಗಿಯದು, ತಪ್ಪು ನನ್ನದು, ಅವಳದಲ್ಲ ಎಂದ. ಒಂದು ಸಲವೂ ತಡವರಿಸಲಿಲ್ಲ. ಅವನ ಕೈಬೆರಳು ಮಾತ್ರ ಕೋಟಿನ ಗುಂಡಿಯನ್ನು ತಿರುಗಿಸುತ್ತಿತ್ತು.

"ಇದೇನಪ್ಪಾ, ಇವತ್ತು ಬಂದು ಹೇಳ್ತೀಯ?" ಎಂದರು ಹೆಡ್ಡು. "ನಂಗೆ ಪೊಂಗಲ್‌ನಿಂದಲೇ ತೆರಿಯುಂ, ಗೊತ್ತು! ನಕ್ಷೇಲಿ ನೀನು ಬರಿಯೋ ಎಂಟನ್ನ ಎಷ್ಟು ವರ್ಷದಿಂದ ನೋಡಿದ್ದೀನಿ. ಹೊಟ್ಟೆ ಬಿಟ್ಟ ಪೊಲೀಸ್ ತರ ಇರ್ತಿತ್ತು. ಇದ್ದಕ್ಕಿದ್ದಂಗೆ ಸಣ್ಣಗಾಗಿ ನೆಟ್ಟಗೆ ನಿಂತ್ಕೊಂಡ್ರೆ ನಂಗೆ ಅನುಮಾನ ಬರಲ್ವಾ? ನೀನೇ ಬಂದು ಹೇಳ್ಲಿ ಅಂತ ಕಾದೆ. ಪೋದುಂ, ಸಾಕು. ಮೊದಲು ಹೋಗಿ ಕಣ್ಣು ತೋರ್ಸು."

ಆಮೇಲೆ ದನಿ ಇಳಿಸಿ ಮುಂದಿನದನ್ನು ಹೇಳಿದರು. ಎರಡು ತಿಂಗಳು ರಜೆ ಕೊಡಬಹುದು, ಸ್ಟೂಲನ್ನು ಖಾಲಿ ಇಡಬಹುದು. ಕಣ್ಣು ಬಂದರೆ ಸ್ಟೂಲು ನಿನ್ನದು. ಬರದಿದ್ದರೆ ನನ್ನ ಕೈಯಲ್ಲಿ ಏನೂ ಇಲ್ಲ. ಅಪ್ಪ ತಲೆಯಾಡಿಸಿದ. ಹೊರಡುವಾಗ ಹೆಡ್ಡು ನನ್ನನ್ನು ಕರೆದು, ನಿನ್ನ ಒಂಬತ್ತಿನ ಬಾಲ ಸ್ವಲ್ಪ ಉದ್ದ ಎಂದರು.

ಮಂಗಳವಾರ ಮಧ್ಯಾಹ್ನದ ರೈಲಿಗೆ ಬಂಗಾರಪೇಟೆಗೆ ಹೋದೆವು. ತಮ್ಮನನ್ನು ಮಾವನ ಮನೆಯಲ್ಲಿ ಬಿಟ್ಟೆವು. ಶಾಲೆಯಲ್ಲಿ ಡಾಕ್ಟರು ಅಪ್ಪನ ಕಣ್ಣಿಗೆ ಟಾರ್ಚು ಬಿಟ್ಟು, ಬಾ ಇಲ್ಲಿ ಎಂದು ನನ್ನನ್ನೂ ಕರೆದು ತೋರಿಸಿದರು. ಕಣ್ಣಿನೊಳಗೆ ಪಾರದರ್ಶಕವಾಗಿರಬೇಕಾದ ಮಸೂರ ಒಂದಿರುತ್ತದೆ, ಅದು ಮಂಜಾಗಿದೆ, ತೆಗೆದುಬಿಡಬೇಕು ಎಂದರು. ನನ್ನ ಪಾಠದ ಪದ ಒಬ್ಬ ಮನುಷ್ಯನ ಕಣ್ಣೊಳಗೆ ಕೆಲಸ ಮಾಡುವುದು ಅಂದೇ ನನಗೆ ಗೊತ್ತಾಗಿದ್ದು. ಅಪ್ಪನ ಕಣ್ಣಿನ ನಡುವೆ ಬೂದು ಬಣ್ಣದ ಒಂದು ಹರಳು ಕೂತಿತ್ತು. ಇಷ್ಟು ದಿನ ದಿನವೂ ನೋಡಿದ್ದೆ, ನೋಡಿರಲಿಲ್ಲ.

ಆಪರೇಷನ್ ಬುಧವಾರ ಬೆಳಿಗ್ಗೆ ಆಯಿತು, ಬಲಗಣ್ಣಿಗೆ ಮಾತ್ರ. ಎಡಗಣ್ಣು ಬರುವ ವರ್ಷ ಎಂದರು. ಬೆಂಚುಗಳನ್ನು ಹೊರಗೆ ಹಾಕಿದ ತರಗತಿಯಲ್ಲಿ ಹತ್ತಾರು ಜನ ಸಾಲಾಗಿ ಚಾಪೆಯ ಮೇಲೆ ಅಂಗಾತ ಮಲಗಿದ್ದರು. ಎಲ್ಲರ ಎರಡೂ ಕಣ್ಣಿಗೆ ಕಟ್ಟು, ತಲೆ ಅಲ್ಲಾಡದಂತೆ ಎರಡೂ ಕಡೆ ಮರಳಿನ ಚೀಲ. ಎಂಟು ದಿನ ಕೆಮ್ಮಬಾರದು, ಸೀನಬಾರದು, ನಗಬಾರದು, ಅಳಬಾರದು. ಸ್ವಲ್ಪ ಒತ್ತಡ ಬಿದ್ದರೂ ಗಾಯ ಬಿಚ್ಚಿಕೊಂಡು ಕಣ್ಣೇ ಹೋಗುತ್ತದೆ ಎಂದು ಡಾಕ್ಟರು ದಿನಕ್ಕೆರಡು ಸಲ ಗದರಿಸಿ ಹೋಗುತ್ತಿದ್ದರು. ಪಕ್ಕದ ಚಾಪೆಯ ರೈತ ಅಜ್ಜನೊಬ್ಬ, "ನಗ್ಬ್ಯಾಡಿ ಅಂತ ಏಳಿದ್ ಮ್ಯಾಕೇ ಸ್ವಾಮಿ ನಗಾ ಬರೋದು, ಅದ್ಕ್ ಮುಂಚೆ ಏನಿರ್ನಿಲ್ಲ," ಎಂದು ಗೊಣಗುತ್ತಿದ್ದ. ಗೂಡ್ಸ್ ಗಾಡಿ ಹೋದಾಗಲೆಲ್ಲ ನೆಲ ಅದುರುತ್ತಿತ್ತು. ಆಗ ಎಲ್ಲ ಮನೆಯವರೂ ತಮ್ಮತಮ್ಮವರ ತಲೆ ಹಿಡಿದುಕೊಳ್ಳುತ್ತಿದ್ದರು.

ಅಪ್ಪನಿಗೆ ಕಣ್ಣು ಬಂತು. ಸೋಡಾ ಬಾಟಲಿಯ ತಳದಷ್ಟು ದಪ್ಪ ಕನ್ನಡಕ ಹಾಕಿಕೊಂಡು ಅದೇ ಸ್ಟೂಲಿನ ಮೇಲೆ ರಿಟೈರಾಗುವ ತನಕ ಕೂತ. ಹೊಟ್ಟೆ ಬಿಟ್ಟ ಎಂಟುಗಳನ್ನೇ ಬರೆದ. ಇದನ್ನು ಈಗಲೇ ಹೇಳಿ ಮುಗಿಸುತ್ತೇನೆ, ನಿಮ್ಮನ್ನು ಕಾಯಿಸುವ ಆಟ ನನಗೆ ಬೇಡ. ಆದರೆ ಆ ಶಾಲೆಯ ನೆಲದ ಮೇಲೆ ಕೂತಿದ್ದ ನಮಗೆ ಅದು ಗೊತ್ತಿರಲಿಲ್ಲ. ಅಮ್ಮನಿಗೆ ಅಂತೂ ಒಂದು ತುತ್ತು ಇಳಿಯುತ್ತಿರಲಿಲ್ಲ. ತವರಿನಿಂದ ಬಂದ ಮುದ್ದೆಯನ್ನು ಅಕ್ಕಪಕ್ಕದವರಿಗೆ ಕೊಟ್ಟುಬಿಡುತ್ತಿದ್ದಳು.

ನಾಲ್ಕನೆಯ ದಿನ ಮಧ್ಯಾಹ್ನ ಅವಳು ಅಪ್ಪನಿಗೆ ಚಮಚದಲ್ಲಿ ಗಂಜಿ ಹಾಕುತ್ತಿದ್ದಳು. ನಾನು ಅವನ ಕಾಲ ಬಳಿ ಕೂತಿದ್ದೆ. ಇದ್ದಕ್ಕಿದ್ದಂತೆ ಚಮಚ ಕೆಳಗಿಟ್ಟಳು.

"ನಿಮ್ಗೆ ಒಂದ್ ಮಾತ್ ಏಳ್ಬೇಕು."

"ಏಳು."

"ಅದು ಅಳೇದು ಅಂದ್ಕಂಡು ನೆನ್ಸಿದ್ದಲ್ಲ ನಾನು. ಒಸ್ದು ಅಂತ ಗೊತ್ತಿತ್ತು. ಬೇಕಂತ್ಲೇ ನೆನ್ಸ್ದೆ. ನೀರ್ ಕಾಯಿಸ್ಕಂಡು, ಇವ್ಳು ನಲ್ಲಿ ತಾವ ಓಗ್ಲಿ ಅಂತ ಕಾಯ್ಕಂಡಿದ್ದು ನೆನ್ಸ್ದೆ. ನಿಮ್ ಕಣ್ಣೂ ಓಗಿ, ಅದ್ರ್ ಇಂದೇನೇ ಇವ್ಳ್ ಕಣ್ಣೂ ಓಗೋದು ನೋಡ್ಕಂಡ್ ಎಂಗ್ ಕೂತ್ಕಳ್ಳಿ? ಬಾಯಲ್ಲಿ ಏಳಿದ್ರೆ ನೀವು ಬರ್ತಿರ್ನಿಲ್ಲ." ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. "ಈಗ ಕಣ್ ಬರ್ದೇ ಓದ್ರೆ, ಅದು ನಾನೇ ಕಿತ್ತಂಗೆ. ಏನ್ ಬೇಕಾದ್ರೂ ಅನ್ನಿ ನನ್ನ."

ನನ್ನ ಎಂಟು ದಿನ! ಸಿಟ್ಟು ನೆತ್ತಿಗೇರಿತು. ಅವಳ ಮುಖ ನೋಡಿದೆ, ಏರಿದ್ದು ಹಾಗೇ ಇಳಿದುಹೋಯಿತು. ಅವಳು ನೆಲ ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿರಲಿಲ್ಲ, ಕಟ್ಟು ಕಟ್ಟಿದ ಅವನ ಕಣ್ಣನ್ನೇ ನೇರವಾಗಿ ನೋಡುತ್ತಿದ್ದಳು. ನನಗೆ ನಾಚಿಕೆಯಾಯಿತು. ಹಿತ್ತಲಲ್ಲಿ ನಿಂತು ನಾನು ಅಂದ ಮಾತನ್ನೆಲ್ಲ ಅವಳು ಸುಮ್ಮನೆ ನುಂಗಿಕೊಂಡಿದ್ದಳು.

"ಅವತ್ತೇ ಗೊತ್ತಾಯ್ತು," ಎಂದ ಅಪ್ಪ.

"ಆ?"

"ಬಕೀಟಿಗೆ ಕೈ ಆಕಿದ್ ತಕ್ಷಣ. ಎಂಟ್ ದಿನ ಇವ್ಳು ಬರೀತಿದ್ದಿದ್ನ ಮನೇಲೇ ನೋಡ್ತಿದ್ದೋಳು ನೀನು, ಅಳೇದು ಅಂದ್ಕಂತೀಯಾ? ಅಷ್ಟ್ ಕಾಣ್ದೇ ಇರೋಷ್ಟು ಕುರುಡ ಆಗಿರ್ನಿಲ್ಲ ಕಣೆ ನಾನು. ಯಾರಾದ್ರೂ ಇಂಗೆ ನೂಕ್ಲಿ ಅಂತ್ಲೇ ಕಾಯ್ತಿದ್ನೋ ಏನೋ. ನಂಗೆ ಭಯ. ಈಗ್ಲೂ ಭಯಾನೇ."

ಅಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಆದರೂ ಅಳು ಹೊರಗೆ ಬಂತು. ಅಪ್ಪನ ಗಲ್ಲ ಒಂದು ಸಲ ಅದುರಿತು, ಅವನು ಹಲ್ಲು ಕಚ್ಚಿ ಹಿಡಿದ. ಮರಳಿನ ಚೀಲಗಳ ನಡುವೆ ತಲೆ ಕದಲಿಸದೆ ಕೈಯನ್ನು ಮಾತ್ರ ನೆಲದ ಮೇಲೆ ತಡಕಾಡುತ್ತಾ ತಂದು ಅವಳ ಮಂಡಿಯ ಮೇಲಿಟ್ಟ.

"ನಾನ್ ಅಳೋ ಅಂಗಿಲ್ಲ, ಡಾಕ್ಟ್ರು ಬ್ಯಾಡ ಅಂದವ್ರೆ," ಎಂದ. "ನನ್ ಪಾಲಿಂದೂ ನೀನೇ ಅತ್ಬುಡು."